ಅವಧಿಗೆ ಮುನ್ನ ನಿವೃತ್ತಿ: ಒಂದು ಧರ್ಮವಿಚಾರ

ಉದ್ಯೋಗಸ್ಥನು ಎಂದು ನಿವೃತ್ತನಾಗಬೇಕೆಂಬುದು ಹಿಂದಿನ ತಲೆಮಾರಿನವರಿಗೆ ವಿಚಾರಮಾಡಬೇಕಾದ ವಿಷಯವೇ ಆಗಿರಲಿಲ್ಲ. ಸರ್ಕಾರವಾಗಲಿ, ಬ್ಯಾಂಕಾಗಲಿ, ಕಾರ್ಖಾನೆಯಾಗಲಿ ಒಂದು ವಯಸ್ಸನ್ನು ಗೊತ್ತುಪಡಿಸಿತ್ತು. ಆ ದಿನ ಬಂದಾಗ ಸಹೋದ್ಯೋಗಿಗಳು ಹಾರ ಹಾಕಿ, ಫಲತಾಂಬೂಲವಿತ್ತು, ಮನೆಯ ಬಾಗಿಲವರೆಗೆ ಬಂದು ಬಿಟ್ಟುಹೋಗುತ್ತಿದ್ದರು. ಈಗ ಹಾಗಲ್ಲ. ದೇವಾಲಯದಲ್ಲಿ ಪ್ರವಚನ ಮುಗಿದು ಮಂತ್ರಾಕ್ಷತೆಯಾದ ಮೇಲೆ ನಾಲ್ಕು ಜನ ನಿಂತು ಮಾತನಾಡುವಾಗ, ನಲವತ್ತೈದು ವರ್ಷವೂ ತುಂಬದ ಗೃಹಸ್ಥರು "ಇನ್ನು ಕೆಲಸ ಬಿಟ್ಟರೆ ನಡೆದೀತೆ?" ಎಂದು ಕೇಳುವುದನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಕೆಲವರು ಬೇಸತ್ತು ಕೇಳುತ್ತಾರೆ. ಕೆಲವರು ಕೆಲಸವು ತಾನಾಗಿಯೇ ಹೋಗಬಹುದೆಂಬ ಭೀತಿಯಿಂದ ಕೇಳುತ್ತಾರೆ. ಇನ್ನು ಕೆಲವರು, ಶಾಸ್ತ್ರಪಾಠಕ್ಕೂ ಜಪಕ್ಕೂ ಕ್ಷೇತ್ರಯಾತ್ರೆಗೂ ಮೈಯಲ್ಲಿ ಶಕ್ತಿಯಿರುವಾಗಲೇ ಬಿಡುವು ದೊರೆಯಲೆಂಬ ಸದಿಚ್ಛೆಯಿಂದ ಕೇಳುತ್ತಾರೆ. ಈ ಮೂರನೆಯವರಿಗೆ ಉತ್ತರ ಹೇಳುವುದೇ ಹೆಚ್ಚು ಕಷ್ಟ. ಅವರ ಉದ್ದೇಶವು ಒಳ್ಳೆಯದಾದುದರಿಂದಲೇ ಅವರು ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸುವ ಸಂಭವವುಂಟು.

ಬಿಳೇಕಹಳ್ಳಿಯಲ್ಲಿ ವಾಸಿಸುವವರಿಗೆ ಈ ವಿಷಯದ ಮೊದಲ ಪಾಠವು ಬಡಾವಣೆಯ ಹೆಸರಿನಲ್ಲಿಯೇ ಇದೆ. ಇಲ್ಲಿನ ವಿಜಯಾ ಬ್ಯಾಂಕ್ ಬಡಾವಣೆಯನ್ನು ಅರಿಯದವರಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಬ್ಯಾಂಕು ಹೋಯಿತು, ಬಡಾವಣೆ ಉಳಿಯಿತು. ಎಂದಿಗೂ ಅಲುಗದೆಂದು ಹಿರಿಯರು ನಂಬಿ ಮಕ್ಕಳನ್ನು ಸೇರಿಸುತ್ತಿದ್ದ ಸಂಸ್ಥೆಯ ಹೆಸರು ಈಗ ವಿಳಾಸದಲ್ಲಿ ಮಾತ್ರ ಕಾಣುತ್ತದೆ. ಅದೇ ಬನ್ನೇರುಘಟ್ಟ ರಸ್ತೆಯಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲುಕಟ್ಟಡಗಳಿವೆ. ಧನವನ್ನು ಹೇಗೆ ಬೆಳೆಸಬೇಕೆಂಬ ಶಾಸ್ತ್ರವನ್ನು ಅಲ್ಲಿ ಬೋಧಿಸುತ್ತಾರೆ. ಎಷ್ಟಾದರೆ ಸಾಕೆಂಬ ಶಾಸ್ತ್ರವು ಬೇರೆ. ಅದನ್ನು ಕೇಳಬೇಕಾದರೆ ಗೃಹಸ್ಥನು ರಸ್ತೆಯ ಈಚೆಗೆ, ದೇವಾಲಯದ ಕಡೆಗೆ ಬರಬೇಕಾದೀತು. ಆದರೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಬರುವಂತಿಲ್ಲ. ಆದುದರಿಂದ ಮೊದಲು ಧನದ ಮಾತು.

ಅವಧಿಗೆ ಮುನ್ನ ನಿವೃತ್ತಿಯ ದೊಡ್ಡ ಪ್ರಯೋಗವೊಂದು ನಮ್ಮ ನಾಡಿನಲ್ಲಿಯೂ ನಡೆದಿದೆ. 2000ನೆಯ ಇಸವಿಯ ಕೊನೆಯಲ್ಲಿಯೂ 2001ರ ಆದಿಯಲ್ಲಿಯೂ ಸರ್ಕಾರೀ ಸ್ವಾಮ್ಯದ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆಯನ್ನು ತಂದವು. ಹದಿನೈದು ವರ್ಷ ಸೇವೆ ಸಲ್ಲಿಸಿದವರು ಅಥವಾ ನಲವತ್ತು ವರ್ಷ ತುಂಬಿದವರು ಅರ್ಜಿ ಹಾಕಬಹುದಾಗಿತ್ತು. ಪೂರೈಸಿದ ಪ್ರತಿಯೊಂದು ಸೇವಾವರ್ಷಕ್ಕೆ ಅರವತ್ತು ದಿನಗಳ ವೇತನ, ಅಥವಾ ಉಳಿದ ಸೇವಾವಧಿಯ ವೇತನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಇಡಿಗಂಟಾಗಿ ಕೊಟ್ಟರು. ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಹೀಗೆ ಹೊರಬಂದರು. ದಕ್ಷಿಣ ಬೆಂಗಳೂರಿನ ಮಾಧ್ವ ಕುಟುಂಬಗಳಲ್ಲಿ ಬ್ಯಾಂಕಿನ ನೌಕರರು ಎಷ್ಟು ಮಂದಿ ಇದ್ದರೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಜೀವಮಾನದಲ್ಲಿ ಒಮ್ಮೆಗೇ ಕೈಗೆ ಬಾರದಷ್ಟು ಹಣವು ಬಂದಾಗ ಅದು ಅಕ್ಷಯಪಾತ್ರೆಯಂತೆ ಕಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅನಂತರ ನಡೆದುದನ್ನು ಗಮನಿಸಬೇಕು. ಸಾರ್ವಜನಿಕ ಭವಿಷ್ಯನಿಧಿಯ ಬಡ್ಡಿಯನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳೋಣ. 1986ರಿಂದ 2000ದ ಆರಂಭದವರೆಗೆ ಅದು ಶೇಕಡಾ 12 ಇತ್ತು. 2000ದಲ್ಲಿ 11, 2001ರಲ್ಲಿ 9.5, 2002ರಲ್ಲಿ 9, 2003ರಲ್ಲಿ 8. ನಡುವೆ ತುಸು ಏರಿದರೂ 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿಯಿತು. ಶೇಕಡಾ 11ರ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೆ ವರ್ಷಕ್ಕೆ 1,10,000 ರೂಪಾಯಿ ಬಡ್ಡಿ. ಶೇಕಡಾ 8ರ ಲೆಕ್ಕದಲ್ಲಿ 80,000. ಗಂಟು ಕರಗಲಿಲ್ಲ, ಯಾರೂ ಕದಿಯಲಿಲ್ಲ, ಮನೆಯವರು ದುಂದು ಮಾಡಲಿಲ್ಲ. ಆದರೂ ಮೂರು ವರ್ಷಗಳಲ್ಲಿ ಆದಾಯವು ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಅದೇ ಮೂರು ವರ್ಷಗಳಲ್ಲಿ ಅಕ್ಕಿಬೇಳೆಗಳ ಬೆಲೆಯಾಗಲಿ, ಮಕ್ಕಳ ಶಾಲಾಶುಲ್ಕವಾಗಲಿ ಇಳಿಯಲಿಲ್ಲವಷ್ಟೆ. ಬ್ಯಾಂಕಿನಲ್ಲಿ ಪಿಂಚಣಿಯನ್ನು ಆರಿಸಿಕೊಂಡು ಸಾಕಷ್ಟು ಸೇವೆ ಪೂರೈಸಿದ್ದವರಿಗೆ ತಿಂಗಳ ಆಸರೆಯೊಂದಿತ್ತು. ಭವಿಷ್ಯನಿಧಿಯನ್ನೇ ಆರಿಸಿಕೊಂಡಿದ್ದವರಿಗೆ ಗಂಟಿನ ಬಡ್ಡಿಯೇ ಗತಿಯಾಯಿತು. ಎಷ್ಟೋ ಮಂದಿ ಮರಳಿ ಯಾವುದೋ ಅಂಗಡಿಯ ಲೆಕ್ಕ ಬರೆಯಲು ಹೋದರು. ಅದರಲ್ಲಿ ಅವಮಾನವೇನಿಲ್ಲ, ಆದರೆ ನಿವೃತ್ತಿಯೆಂದು ತಿಳಿದುದು ನಿವೃತ್ತಿಯಾಗಿರಲಿಲ್ಲವೆಂಬುದು ಸ್ಪಷ್ಟ.

ಇಂದಿನ ಗೃಹಸ್ಥನ ಲೆಕ್ಕವು ಇನ್ನೂ ದೀರ್ಘವಾದುದು. ನಲವತ್ತೈದು ವರ್ಷದ ಒಬ್ಬನಿಗೆ ತಿಂಗಳಿಗೆ ಅರವತ್ತು ಸಾವಿರ ರೂಪಾಯಿ ಖರ್ಚೆಂದು ಇಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ಇಮ್ಮಡಿಯಾಗುತ್ತದೆ. ಐವತ್ತೇಳರಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ. ಅರವತ್ತೊಂಬತ್ತರಲ್ಲಿ ಎರಡು ಲಕ್ಷದ ನಲವತ್ತು ಸಾವಿರ. ಎಂಬತ್ತೊಂದರಲ್ಲಿ, ಸಹಸ್ರಚಂದ್ರದರ್ಶನ ಶಾಂತಿ ಮಾಡಿಸುವ ಹೊತ್ತಿಗೆ, ನಾಲ್ಕು ಲಕ್ಷದ ಎಂಬತ್ತು ಸಾವಿರ. ಇದು ಭೋಗದ ಲೆಕ್ಕವಲ್ಲ, ಅದೇ ಅನ್ನ ಸಾರಿನ ಲೆಕ್ಕ. ವಾರ್ಷಿಕ ವೆಚ್ಚದ ಇಪ್ಪತ್ತೈದು ಪಟ್ಟು ಗಂಟಿದ್ದರೆ ಸಾಕೆಂಬ ಸೂತ್ರವೊಂದು ಈಗ ಎಲ್ಲರ ಬಾಯಲ್ಲಿದೆ. ಅದರ ಮೂಲವು ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಧನಸಲಹೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ತೆಗೆದುಕೊಂಡುದು ಅಮೆರಿಕದ ಷೇರು ಮತ್ತು ಸಾಲಪತ್ರಗಳ ಚರಿತ್ರೆಯನ್ನು. ನೋಡಿದುದು ಮುಖ್ಯವಾಗಿ ಮೂವತ್ತು ವರ್ಷಗಳ ನಿವೃತ್ತಿಜೀವನವನ್ನು. ನಲವತ್ತೈದರಲ್ಲಿ ಬಿಡುವವನು, ಅವನಿಗಿಂತ ಮೂರು ನಾಲ್ಕು ವರ್ಷ ಚಿಕ್ಕವಳಾದ ಹೆಂಡತಿಯ ಆಯುಸ್ಸನ್ನೂ ಸೇರಿಸಿಕೊಂಡರೆ, ನಲವತ್ತೈದು ಐವತ್ತು ವರ್ಷಗಳಿಗೆ ಸಿದ್ಧನಾಗಬೇಕು. ಪರದೇಶದ ಮೂವತ್ತು ವರ್ಷದ ಅಂಗಿಯನ್ನು ಹಾಗೆಯೇ ತೊಟ್ಟುಕೊಂಡರೆ ತೋಳು ಸಾಲದು.

ಸರ್ಕಾರದ ಆಸರೆಗಳೂ ಈ ವಯಸ್ಸಿನವನಿಗೆ ಬೇಗನೆ ದೊರಕುವಂಥವಲ್ಲ. ನೌಕರರ ಪಿಂಚಣಿ ಯೋಜನೆ 1995ರಿಂದ ಇದೆ. ಹತ್ತು ವರ್ಷ ಸೇವೆಯಿದ್ದವನಿಗೆ ಪೂರ್ಣ ಪಿಂಚಣಿಯು ಐವತ್ತೆಂಟಕ್ಕೆ. ಐವತ್ತರಿಂದಲೇ ಬೇಕೆಂದರೆ ಕಡಿಮೆಯಾದ ಪ್ರತಿ ವರ್ಷಕ್ಕೂ ಶೇಕಡಾ 4ರಂತೆ ಕಡಿತ. ಆ ಮೊತ್ತವೂ ಬೆಂಗಳೂರಿನ ಬಾಡಿಗೆಗೆ ಎಟುಕುವಂಥದಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಲ್ಲಿ ಬಂದಿತು. ಅದು ಅರವತ್ತಾದವರಿಗೆ, ನಿವೃತ್ತರಾದವರಿಗೆ ಐವತ್ತೈದರಿಂದ. ನಲವತ್ತೈದರವನು ಹತ್ತು ಹದಿನೈದು ವರ್ಷ ಹೊರಗೆ ನಿಂತು ಕಾಯಬೇಕು. ಇದಕ್ಕಿಂತ ಹತ್ತಿರದ ಅಪಾಯವೆಂದರೆ ಆರೋಗ್ಯವಿಮೆ. ಕಂಪನಿಯು ಮಾಡಿಸಿದ ಸಾಮೂಹಿಕ ವಿಮೆಯಲ್ಲಿ ವೃದ್ಧ ತಂದೆತಾಯಿಗಳೂ ಸೇರಿರುವುದುಂಟು. ಕೆಲಸ ಬಿಟ್ಟೊಡನೆ ಆ ರಕ್ಷೆ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸದಾಗಿ ಸ್ವಂತ ವಿಮೆ ಮಾಡಿಸಿದರೆ ಮೊದಲೇ ಇರುವ ಸಕ್ಕರೆ ಖಾಯಿಲೆ, ರಕ್ತದೊತ್ತಡಗಳಿಗೆ, 2024ರ ನಿಯಮದಂತೆ, ಮೂರು ವರ್ಷದವರೆಗೂ ಕಾಯಿಸಬಹುದು. ಎಪ್ಪತ್ತೈದರ ತಾಯಿಗೆ ಮೂರು ವರ್ಷವೆಂದರೆ ಸಣ್ಣ ಅವಧಿಯಲ್ಲ.

ಪಾಶ್ಚಾತ್ಯರು ಈ ಬೇಗನೆಯ ನಿವೃತ್ತಿಗೆ 'ಆರ್ಥಿಕ ಸ್ವಾತಂತ್ರ್ಯ'ವೆಂದು ಹೆಸರಿಟ್ಟಿದ್ದಾರೆ. ನಮ್ಮ ಯುವಕರೂ ಆ ಮಾತನ್ನೇ ಬಳಸುತ್ತಾರೆ. ಮಾಧ್ವನ ಕಿವಿಗೆ ಇದು ಒಗ್ಗುವ ಮಾತಲ್ಲ. ಶ್ರೀಮದಾಚಾರ್ಯರ ತತ್ತ್ವಸಂಖ್ಯಾನವನ್ನು ಪಾಠಕ್ಕೆ ಕುಳಿತ ಬಾಲಕನೂ ಮೊದಲ ದಿನವೇ ತಿಳಿಯುವುದು ಸ್ವತಂತ್ರ, ಅಸ್ವತಂತ್ರವೆಂಬ ವಿಭಾಗವನ್ನು, ಸ್ವತಂತ್ರನು ಶ್ರೀವಿಷ್ಣುವೊಬ್ಬನೇ. ಇದನ್ನು ಪ್ರವಚನದ ಮಾತೆಂದು ಬದಿಗಿಡುವವರು ಮೇಲಿನ ಬಡ್ಡಿಯ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ವೇತನ ಪಡೆಯುವವನು ಯಜಮಾನನಿಗೆ ಅಧೀನ. ಗಂಟಿನ ಮೇಲೆ ಬದುಕುವವನು ಬಡ್ಡಿಯ ದರಕ್ಕೆ, ಷೇರುಪೇಟೆಗೆ, ಬೆಲೆಯೇರಿಕೆಗೆ, ಬಾಡಿಗೆದಾರನ ಮನಸ್ಸಿಗೆ, ತನ್ನ ಯಕೃತ್ತು ಮೂತ್ರಪಿಂಡಗಳಿಗೆ ಅಧೀನ. ಅಧೀನತೆ ಬದಲಾಯಿತೇ ಹೊರತು ಹೋಗಲಿಲ್ಲ. ಇಷ್ಟು ತಿಳಿದವನಿಗೆ ಐದು ಕೋಟಿಯಾದರೆ ನಿರ್ಭಯ, ನಾಲ್ಕು ಕೋಟಿಯಾದರೆ ಭಯವೆಂಬ ಭ್ರಮೆಯಿರುವುದಿಲ್ಲ. ಹಾಗೆಂದು ಎಷ್ಟು ಕೂಡಿಸಿದರೂ ಸಾಲದೆಂದು ಎಪ್ಪತ್ತರವರೆಗೂ ದುಡಿಯುತ್ತಲೇ ಇರಬೇಕೆಂದಲ್ಲ. ಅದೂ ಸ್ವಾತಂತ್ರ್ಯಭ್ರಮೆಯ ಇನ್ನೊಂದು ಮುಖವೇ.

ಹಾಗಾದರೆ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು? ಆಸ್ತಿಯ ಪಟ್ಟಿಯಿಂದಲ್ಲ, ಪೋಷ್ಯವರ್ಗದ ಪಟ್ಟಿಯಿಂದ ಎಂಬುದು ನಮ್ಮ ಅಭಿಪ್ರಾಯ. ಧರ್ಮಶಾಸ್ತ್ರವು ಗೃಹಸ್ಥನಿಗೆ ತಂದೆ, ತಾಯಿ, ಹೆಂಡತಿ, ಮಕ್ಕಳು, ಆಶ್ರಿತರು, ಅತಿಥಿ ಎಂಬ ಪೋಷ್ಯವರ್ಗವನ್ನು ಗೊತ್ತುಮಾಡಿದೆ. ಇವರನ್ನು ಸಲಹುವುದು ಅವನ ಔದಾರ್ಯವಲ್ಲ, ಅವನ ಋಣ. "ನನ್ನ ಬಳಿ ಎಷ್ಟಿದೆ?" ಎಂಬ ಪ್ರಶ್ನೆಗೆ ಮುಂಚೆ "ನನ್ನ ಮೇಲೆ ಯಾರಿದ್ದಾರೆ, ಎಷ್ಟು ಕಾಲ?" ಎಂಬ ಪ್ರಶ್ನೆ ಬರಬೇಕು. ವಿರಕ್ತಿಯ ಪರಮಾವಧಿಯಾದ ಸಂನ್ಯಾಸದ ವಿಷಯದಲ್ಲಿಯೇ ನಮ್ಮ ಗುರುಪರಂಪರೆಯು ಈ ಪ್ರಶ್ನೆಯನ್ನು ಹೇಗೆ ನಡೆಸಿತೆಂಬುದನ್ನು ನೋಡಿದರೆ, ಕೇವಲ ಉದ್ಯೋಗ ಬಿಡುವವನು ಎಷ್ಟು ಎಚ್ಚರದಿಂದಿರಬೇಕೆಂಬುದು ತಿಳಿದೀತು.

ಪಾಜಕದ ವಾಸುದೇವನು ಸಂನ್ಯಾಸಕ್ಕೆ ಹೊರಟಾಗ ಮಧ್ಯಗೇಹ ಭಟ್ಟರು ತಡೆದರೆಂದು ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯವು ವರ್ಣಿಸುತ್ತದೆ. ಆ ದಂಪತಿಗಳು ಹಿಂದೆ ಗಂಡುಮಕ್ಕಳನ್ನು ಕಳೆದುಕೊಂಡವರು. ಮುಪ್ಪಿನಲ್ಲಿ ನೋಡಿಕೊಳ್ಳಲು ಇವನೊಬ್ಬನೇ. ಮುಖ್ಯಪ್ರಾಣನ ಅವತಾರನಾದ ಬಾಲಕನು ಆ ಮಾತನ್ನು ಮೋಹವೆಂದು ತಳ್ಳಿಹಾಕಲಿಲ್ಲ. ತಂದೆತಾಯಿಗಳನ್ನು ಸಲಹಲು ತಮ್ಮನೊಬ್ಬನು ಹುಟ್ಟುವನೆಂದು ಹೇಳಿ, ಅವನು ಹುಟ್ಟಿದ ಮೇಲೆಯೇ ಅಚ್ಯುತಪ್ರೇಕ್ಷರಿಂದ ಆಶ್ರಮವನ್ನು ಸ್ವೀಕರಿಸಿದನು. ಆ ತಮ್ಮನೇ ಮುಂದೆ ಸೋದೆ ಪರಂಪರೆಯ ಮೂಲಯತಿಗಳಾದ ಶ್ರೀವಿಷ್ಣುತೀರ್ಥರು. ಅವರೂ ತಂದೆತಾಯಿಗಳು ಕಾಲವಾದ ಮೇಲೆಯೇ ಅಣ್ಣನ ಹಾದಿ ಹಿಡಿದರು. ಮನೆಯನ್ನು ಬಿಡುವ ಹಕ್ಕು ಒಬ್ಬನಿಗೆ ದೊರೆತುದು, ಮನೆಯಲ್ಲಿ ಇನ್ನೊಬ್ಬನು ನಿಂತುದರಿಂದ. ಇದನ್ನು ನಾವು ಅವತಾರಲೀಲೆಯೆಂದು ಕೇಳಿ ಕೈಮುಗಿದು ಎದ್ದುಹೋಗುತ್ತೇವೆ. ನಮ್ಮ ಮನೆಯ ಲೆಕ್ಕದ ಪುಸ್ತಕಕ್ಕೆ ಅದು ಅನ್ವಯಿಸುವುದೆಂದು ಎಣಿಸುವುದಿಲ್ಲ.

ಗುರುಸಾರ್ವಭೌಮರ ಪೂರ್ವಾಶ್ರಮದ ವೃತ್ತಾಂತವು ಇನ್ನೂ ಕಠಿಣವಾದುದು. ವೇಂಕಟನಾಥಾಚಾರ್ಯರು ದಾರಿದ್ರ್ಯದಲ್ಲಿಯೇ ಸಂಸಾರ ನಡೆಸಿದವರು. ಉಪವಾಸದ ದಿನಗಳು ಆ ಮನೆಗೆ ಹೊಸತಲ್ಲ. ಶ್ರೀಸುಧೀಂದ್ರತೀರ್ಥರು ಪೀಠವನ್ನು ಒಪ್ಪಿಸಲು ಬಯಸಿದಾಗ ಅವರ ಮೊದಲ ಉತ್ತರವು ಒಪ್ಪಿಗೆಯಾಗಿರಲಿಲ್ಲ. ಹೆಂಡತಿ ಎಳೆಯವಳು, ಮಗನಿಗೆ ಇನ್ನೂ ಉಪನಯನವಾಗಿಲ್ಲ, ಹೇಗೆ ಬಿಡಲಿ ಎಂಬುದೇ ಅವರ ಚಿಂತೆಯಾಗಿತ್ತು. ವಿದ್ಯಾದೇವತೆಯ ಪ್ರೇರಣೆಯಾದ ಮೇಲೆಯೂ ಮಗ ಲಕ್ಷ್ಮೀನಾರಾಯಣನ ಉಪನಯನವನ್ನು ಮುಗಿಸಿ, ಅನಂತರ 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವನ್ನು ಪಡೆದರು. ಇಷ್ಟೆಲ್ಲ ಎಚ್ಚರವಿದ್ದರೂ ಆ ಸಾಧ್ವಿ ಸರಸ್ವತಿಯವರು ವಿಯೋಗವನ್ನು ತಾಳಲಾರದೆ ಪ್ರಾಣ ಬಿಟ್ಟರೆಂದು ಪರಂಪರೆಯು ಹೇಳುತ್ತದೆ. ಗುರುಗಳು ತೀರ್ಥಪ್ರೋಕ್ಷಣೆಯಿಂದ ಆ ಜೀವಕ್ಕೆ ಸದ್ಗತಿಯನ್ನು ಕೊಟ್ಟರೆಂಬುದನ್ನು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಆ ಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ದುಃಖವನ್ನು ದಾಟಿ ಹೋಗಲು ನಮಗೆ ಮನಸ್ಸಾಗುವುದಿಲ್ಲ. ಲೋಕೋದ್ಧಾರಕ್ಕಾಗಿ, ದೈವಾಜ್ಞೆಯಿಂದ ನಡೆದ ತ್ಯಾಗದಲ್ಲಿಯೇ ಇನ್ನೊಬ್ಬರ ಪಾಲಿನ ನೋವು ಇಷ್ಟಿತ್ತೆಂದರೆ, ಯಾವ ದೈವಾಜ್ಞೆಯೂ ಇಲ್ಲದೆ, ಮೇಲಧಿಕಾರಿಯ ಮೇಲಿನ ಸಿಟ್ಟಿನಿಂದಲೋ ಸಂಜೆಯ ಬೇಸರದಿಂದಲೋ ರಾಜೀನಾಮೆ ಬರೆಯುವವನು ಆ ನೋವನ್ನು ಯಾರ ಮೇಲೆ ಹೇರುತ್ತಿದ್ದಾನೆಂದು ಕೇಳಿಕೊಳ್ಳಬೇಡವೆ?

ಇದಕ್ಕೆ ಎದುರಾಗಿ ಪುರಂದರದಾಸರನ್ನು ಹೆಸರಿಸುವವರಿದ್ದಾರೆ. ನವಕೋಟಿ ನಾರಾಯಣನೆನಿಸಿದ ಶ್ರೀನಿವಾಸನಾಯಕರು ಲೆಕ್ಕ ಹಾಕಿ ಬಿಟ್ಟರೇನು ಎಂದು ಅವರ ಪ್ರಶ್ನೆ. ಮಾತು ನಿಜ. ಆದರೆ ಅವರು ಬಿಟ್ಟುದು ಏನೆಂಬುದನ್ನು ನೋಡಬೇಕು. ದುಡಿಮೆಯನ್ನು ಬಿಟ್ಟು ಗಂಟನ್ನು ಇಟ್ಟುಕೊಳ್ಳಲಿಲ್ಲ. ಗಂಟನ್ನೂ, ಆ ಗಂಟು ಬೇಡುವ ಖರ್ಚನ್ನೂ ಒಟ್ಟಿಗೆ ಬಿಟ್ಟರು. ನಾಳೆಗೆಂದು ಇಡದೆ ಮಧುಕರವೃತ್ತಿಯಿಂದ ಬಂದುದರಲ್ಲಿ ಅಂದಂದಿನ ಊಟ. ಅದಕ್ಕೂ ಹೆಚ್ಚಾಗಿ, ಆ ವಿರಕ್ತಿಯು ಆ ಮನೆಗೆ ಹೆಂಡತಿಯ ಮೂಲಕವೇ ಬಂದಿತು. ಮೂಗುತಿಯ ಕಥೆ ಮಕ್ಕಳಿಗೂ ಗೊತ್ತು. ಹೊರಟಾಗ ಮನೆಮಂದಿಯೆಲ್ಲ ಹೊರಟರು. ಯಾರನ್ನೂ ಹಿಂದೆ ಬಿಡದೆ, ಯಾವ ಖರ್ಚನ್ನೂ ಹಿಂದಿನಂತೆ ಇಟ್ಟುಕೊಳ್ಳದೆ ಹೊರಡುವವನಿಗೆ ಇಪ್ಪತ್ತೈದು ಪಟ್ಟಿನ ಸೂತ್ರವೇ ಬೇಕಾಗಿಲ್ಲ. ಇಂದಿನವನು ಬಯಸುವುದು ದುಡಿಮೆ ನಿಲ್ಲಬೇಕು, ಕಾರು ನಿಲ್ಲಬಾರದು ಎಂದು. ಅದೂ ತಪ್ಪೆಂದು ನಾವು ಹೇಳುವುದಿಲ್ಲ. ಹಾಗೆ ಬಯಸುವವನು ತನ್ನ ಗುರುವಾಗಿ ವಿಲಿಯಂ ಬೆಂಗೆನ್ ಅವರನ್ನು ಹೆಸರಿಸಲಿ, ದಾಸವರೇಣ್ಯರನ್ನು ಬೇಡ.

ಗೀತೆಯ ಒಂಬತ್ತನೆಯ ಅಧ್ಯಾಯದ ಯೋಗಕ್ಷೇಮದ ಭರವಸೆಯನ್ನೂ ಹೀಗೆಯೇ ಹಗುರವಾಗಿ ಎತ್ತಿಕೊಳ್ಳುತ್ತಾರೆ. ಭಾರತೀಯ ಜೀವವಿಮಾ ನಿಗಮವು ಆ ಮಾತನ್ನೇ ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿದೆ. ಕಂತು ಕಟ್ಟಿದವರಿಗೆ ಮಾತ್ರ ನಿಗಮವು ಹೊಣೆಯೆಂಬುದನ್ನು ಯಾರೂ ಮರೆಯುವುದಿಲ್ಲ. ಭಗವಂತನ ಮಾತಿನಲ್ಲಿರುವ ಅನನ್ಯಚಿಂತನೆಯೆಂಬ ಕಂತನ್ನು ಮಾತ್ರ ಮರೆಯುತ್ತಾರೆ. ಇಲ್ಲದುದು ಬರುವುದು ಯೋಗ, ಬಂದುದು ಉಳಿಯುವುದು ಕ್ಷೇಮ. ಇವೆರಡನ್ನೂ ಸ್ವಾಮಿಗೆ ಬಿಟ್ಟು ನಿಶ್ಚಿಂತನಾದವನು ದಿನಕ್ಕೆ ನಾಲ್ಕು ಬಾರಿ ಷೇರುಪೇಟೆಯ ಸೂಚ್ಯಂಕವನ್ನು ನೋಡುವುದಿಲ್ಲ.

ಇನ್ನು 'ನಿವೃತ್ತಿ'ಯೆಂಬ ಶಬ್ದದ ವಿಚಾರ. ಕಛೇರಿಯ ಭಾಷೆಯಲ್ಲಿ ಅದಕ್ಕೆ ಕೆಲಸ ನಿಲ್ಲುವುದೆಂದು ಅರ್ಥ. ಶಾಸ್ತ್ರದಲ್ಲಿ ನಿವೃತ್ತವೆಂದರೆ ಕೆಲಸವಿಲ್ಲದಿರುವುದಲ್ಲ. ಫಲಾಪೇಕ್ಷೆಯಿಲ್ಲದೆ ತಿಳಿವಿನಿಂದ ಮಾಡಿದ ಕರ್ಮವೇ ನಿವೃತ್ತ ಕರ್ಮ. ಮನುವಿನ ಮಾತೂ ಇದೇ, ಗೀತಾವಿವರಣೆಯಲ್ಲಿ ಶ್ರೀಮದಾಚಾರ್ಯರು ಹಿಡಿದ ಅರ್ಥವೂ ಇದೇ. ಈ ಅರ್ಥವನ್ನು ಒಪ್ಪಿದರೆ, ನಲವತ್ತೈದರಲ್ಲಿ ಕಛೇರಿಯನ್ನು ಬಿಟ್ಟವನು ನಿವೃತ್ತನಾಗದೆಯೂ ಇರಬಹುದು, ಅರವತ್ತರವರೆಗೆ ದುಡಿದವನು ಎಂದೋ ನಿವೃತ್ತನಾಗಿರಲೂಬಹುದು. ಅರ್ಚಕರ ಮನೆಯಲ್ಲಿ ಹುಟ್ಟಿದವರಿಗೆ ಇದು ಗ್ರಂಥದ ಮಾತಾಗಿ ಮಾತ್ರ ತೋರುವುದಿಲ್ಲ. ದೇವರ ಪೂಜೆಗೆ ನಿವೃತ್ತಿಯ ವಯಸ್ಸಿಲ್ಲ; ನಮ್ಮ ತೀರ್ಥರೂಪರು ಆ ಮಾತನ್ನು ಎತ್ತಿದುದನ್ನೇ ನಾವು ಕೇಳಿಲ್ಲ. ಪಿಂಚಣಿಯಿಲ್ಲವೆಂಬ ಕೊರತೆಯೂ ಅದರೊಡನೆಯೇ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಆದುದರಿಂದ ಬಿಡುವಿನ ಮೇಲೆ ಏನು ಮಾಡುವೆನೆಂಬ ಪ್ರಶ್ನೆಯನ್ನು ಈಗಲೇ ಪರೀಕ್ಷಿಸಬೇಕು. ಕೆಲಸದಲ್ಲಿರುವಾಗ ದಿನಕ್ಕೆ ಅರ್ಧ ಗಂಟೆ ಗ್ರಂಥ ಹಿಡಿಯದವನು ಬಿಡುವಾದೊಡನೆ ಸುಧಾಪಾಠಕ್ಕೆ ಕುಳಿತಾನೆಂದು ನಂಬುವುದು ಕಷ್ಟ. ಏಕಾದಶಿಯ ದಿನ ರಜೆಯಿಲ್ಲದಿದ್ದರೂ ಉಪವಾಸವನ್ನು ನಡೆಸಿಕೊಂಡು ಬಂದವನಿಗೆ ಬಿಡುವು ಫಲಿಸೀತು. ಬೇಗ ನಿವೃತ್ತರಾಗಿ ದೇವಾಲಯದ ಸೇವೆಗೆಂದು ಬಂದು, ಆರು ತಿಂಗಳೊಳಗೆ ಉತ್ಸವದ ಲೆಕ್ಕಪತ್ರದಲ್ಲಿಯೂ ಪಾಕಶಾಲೆಯ ಬೀಗದ ಕೈಯಲ್ಲಿಯೂ ಹಳೆಯ ಕಛೇರಿಯನ್ನೇ ಮರಳಿ ಕಟ್ಟಿಕೊಂಡವರನ್ನು ಎಲ್ಲ ಊರಿನ ದೇವಾಲಯಗಳೂ ಕಂಡಿವೆ. ಇದನ್ನು ಬರೆಯುವಾಗ ನಗು ಬಂದರೂ, ನಿರಾಕರಿಸುವಂತಿಲ್ಲ. ಉಳಿದ ಆಶ್ರಮಗಳವರನ್ನು ಗೃಹಸ್ಥನೇ ಸಲಹುತ್ತಾನೆಂಬ ಸ್ಮೃತಿಯ ಮಾತೊಂದಿದೆ. ದೇವಾಲಯದವರು ಅದನ್ನು ಹೇಳಿದರೆ ಸ್ವಾರ್ಥದ ವಾಸನೆ ಬಂದೀತು. ಆದರೂ ದುಡಿಯುವ ಗೃಹಸ್ಥನ ದುಡಿಮೆ ಕೀಳೆಂದು ಭಾವಿಸಿ ಅದನ್ನು ಬಿಡುವವನಿಗೆ ಆ ಮಾತನ್ನು ನೆನಪಿಸಲೇಬೇಕಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ: ಮಗನು ಇನ್ನೂ ಪಾಠಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಇರುವಾಗ, ವೃದ್ಧರ ಔಷಧೋಪಚಾರಕ್ಕೆ ಸ್ಥಿರವಾದ ಏರ್ಪಾಡಿಲ್ಲದಿರುವಾಗ, ಗೃಹಸಾಲವು ತೀರದಿರುವಾಗ, ಸ್ವೇಚ್ಛೆಯಿಂದ ಕೆಲಸ ಬಿಡುವುದು ಧರ್ಮವಲ್ಲ, ಗಂಟು ದೊಡ್ಡದಾಗಿ ಕಂಡರೂ ಅಲ್ಲ. ಈ ಋಣಗಳು ತೀರಿದ ಮೇಲೆ, ಗಂಟು ಚಿಕ್ಕದಾಗಿ ಕಂಡರೂ, ಬೇಡಿಕೆಯನ್ನು ಕುಗ್ಗಿಸಬಲ್ಲ ದಂಪತಿಗಳು ಐವತ್ತರಲ್ಲಿಯೇ ಬಿಟ್ಟರೆ ತಪ್ಪಿಲ್ಲ. ಕೂದಲು ನರೆತು, ಮೊಮ್ಮಗನ ಮುಖ ಕಂಡಾಗ ಅರಣ್ಯಕ್ಕೆ ಹೊರಡಬೇಕೆಂದ ಮನುವೂ ಇಸವಿಯನ್ನು ಹೇಳಲಿಲ್ಲ, ಗುರುತನ್ನು ಹೇಳಿದನು. ಮೊಮ್ಮಗನು ಹುಟ್ಟಿದನೆಂದರೆ ಮಗನು ತನ್ನ ಕಾಲಮೇಲೆ ನಿಂತನೆಂದು ಅರ್ಥ. ತಾನಾಗಿ ಬಿಡದೆ ಕೆಲಸ ಕಳೆದುಕೊಂಡವರ ಸ್ಥಿತಿ ಬೇರೆ. 2016ರಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು ತೀರ್ಮಾನಿಸಿದಾಗ ಹೊರಬಂದವರನ್ನು ಯಾರೂ ಧರ್ಮಪ್ರಶ್ನೆ ಕೇಳುವಂತಿಲ್ಲ. ಇಂದು ತಂತ್ರಾಂಶ ಕಂಪನಿಗಳಿಂದ ಹೊರಗಾಗುವವರನ್ನೂ ಹಾಗೆಯೇ ಕಾಣಬೇಕು. ಅವರಿಗೆ ಬೇಕಾದುದು ಉಪದೇಶವಲ್ಲ, ಇನ್ನೊಂದು ಕೆಲಸ.

ಗೃಹಿಣಿಯ ವಿಷಯವನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಗಂಡನು ನಲವತ್ತೈದಕ್ಕೆ ನಿವೃತ್ತನಾದರೆ ಹಗಲೆಲ್ಲ ಮನೆಯಲ್ಲಿ ಒಬ್ಬರ ಊಟ, ಎರಡು ಬಾರಿಯ ಕಾಫಿ, ಬಂದುಹೋಗುವವರ ಉಪಚಾರ ಹೆಚ್ಚಾಯಿತು. ಅಡಿಗೆಯವಳನ್ನು ಬಿಡಿಸಿ ಉಳಿತಾಯ ತೋರಿಸಿದರೆ ಆ ಉಳಿತಾಯವು ಅವಳ ಮೈಯಿಂದಲೇ ಬಂದುದು. ಮಡಿಯುಟ್ಟು ಅಡಿಗೆ ಮಾಡುವವಳಿಗೆ ಯಾವ ಯೋಜನೆಯಲ್ಲಿಯೂ ಅರವತ್ತು ದಿನದ ವೇತನವಿಲ್ಲ. ಅವಳೂ ಉದ್ಯೋಗದಲ್ಲಿದ್ದರೆ, ತಾನು ದುಡಿಯುತ್ತಿದ್ದು ಗಂಡನು ಜಪಕ್ಕೆ ಕೂರುವುದು ಅವಳಿಗೆ ಸಮ್ಮತವೇ ಎಂದು ಒಮ್ಮೆಯಲ್ಲ, ಮೂರು ಬಾರಿ ಕೇಳಬೇಕು. ಮೊದಲನೆಯ ಬಾರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ದಾಕ್ಷಿಣ್ಯದ್ದು.

ಪರೀಕ್ಷೆಗೆ ನಮ್ಮಲ್ಲಿಯೇ ಒಂದು ಕಾಲವಿದೆ. ಚಾತುರ್ಮಾಸ್ಯದಲ್ಲಿ ನಾವು ತಿಂಗಳಿಗೊಂದರಂತೆ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಬಿಡುತ್ತೇವೆ. ಬಿಟ್ಟರೂ ಬದುಕು ನಡೆಯುವುದೆಂದು ಪ್ರತಿವರ್ಷವೂ ನಾಲಗೆಗೆ ತಿಳಿಯುತ್ತದೆ. ಕೆಲಸ ಬಿಡಲು ಬಯಸುವವರು ರಾಜೀನಾಮೆಗೆ ಮೊದಲು ಒಂದು ಚಾತುರ್ಮಾಸ್ಯವನ್ನು ನಿವೃತ್ತಿಯ ಅನಂತರದ ಖರ್ಚಿನಲ್ಲಿಯೇ ನಡೆಸಿ ನೋಡಲಿ. ಪ್ರಥಮೈಕಾದಶಿಯಂದು ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಬಂದ ಸಂಜೆ ಪುಸ್ತಕ ತೆರೆದು, ಬರುವ ವೇತನವನ್ನು ಮುಟ್ಟದೆ, ಗಂಟಿನಿಂದ ಬರಬಹುದಾದಷ್ಟನ್ನು ಮಾತ್ರ ತಿಂಗಳ ಖರ್ಚಿಗೆ ತೆಗೆಯಲಿ. ಶಾಲಾಶುಲ್ಕ, ಆಸ್ತಿತೆರಿಗೆ, ವಿಮೆಯ ಕಂತು ಮುಂತಾಗಿ ವರ್ಷಕ್ಕೊಮ್ಮೆ ಬರುವ ಖರ್ಚುಗಳ ಮೂರನೆಯ ಒಂದು ಪಾಲನ್ನು ಇದರಲ್ಲಿಯೇ ಎತ್ತಿಡಬೇಕು. ಶ್ರಾವಣದ ಹಬ್ಬಗಳು, ಗಣೇಶನ ಚತುರ್ಥಿ, ಪಕ್ಷಮಾಸದ ಶ್ರಾದ್ಧ, ನವರಾತ್ರಿ, ದೀಪಾವಳಿಯ ಹೊಸಬಟ್ಟೆ ಎಲ್ಲವೂ ಈ ನಾಲ್ಕು ತಿಂಗಳಲ್ಲಿಯೇ ಬೀಳುವುದರಿಂದ ಖರ್ಚನ್ನು ಕಡಿಮೆ ತೋರಿಸಿಕೊಳ್ಳಲು ಎಡೆಯಿಲ್ಲ. ಉತ್ಥಾನದ್ವಾದಶಿಯ ದಿನ ತುಳಸೀಪೂಜೆ 
ಮುಗಿದು ದೀಪಗಳು ಇನ್ನೂ ಉರಿಯುತ್ತಿರುವಾಗ ಗಂಡಹೆಂಡಿರಿಬ್ಬರೂ ಕುಳಿತು ಮೊತ್ತವನ್ನು ಕೂಡಲಿ. ಕೂಡುವ ಲೇಖನಿಯು ಹೆಂಡತಿಯ ಕೈಯಲ್ಲಿರಲಿ.

|| ಶ್ರೀಕೃಷ್ಣಾರ್ಪಣಮಸ್ತು ||